ವೇಗಕ್ಕೆ ಅಂಕೆ ಹಾಕಿದ ಅಂಧ ಎಂಜಿನಿಯರ್

ಹೆದ್ದಾರಿಗಳು ಅಗಲವಾದಂತೆಲ್ಲ ನಮ್ಮ ಮಧ್ಯಮ ವರ್ಗದ ಕಾರುಗಳಲ್ಲೂ ಕ್ರೂಸ್ ಕಂಟ್ರೋಲ್ ಎಂಬ ಸೌಲಭ್ಯ ಕಾಣಿಸಿಕೊಂಡಿದೆ. ಒಮ್ಮೆ ವೇಗವನ್ನು ನಿಗದಿಪಡಿಸಿದರೆ ಸಾಕು, ಆಕ್ಸಿಲರೇಟರಿನ ಮೇಲೆ ಕಾಲಿಡದೆಯೇ ಕಾರು ಅದೇ ವೇಗದಲ್ಲಿ ಸಾಗುತ್ತದೆ. ಇದಿಲ್ಲದ ಹಳೆಯ ಕಾರಿನ ಮಾಲೀಕರು ಹೊರಗಿನಿಂದ ಜೋಡಿಸಬಹುದಾದ ಕಿಟ್‌ಗಳನ್ನು ಹುಡುಕುವುದೂ ಉಂಟು. ದೂರ ಪ್ರಯಾಣದಲ್ಲಿ ಕಾಲಿಗೆ ವಿಶ್ರಾಂತಿ ಬೇಕೆಂಬುದು ಅವರ ಅಪೇಕ್ಷೆ. ಆದರೆ ಈ ಸಾಧನ ಹುಟ್ಟಿದ್ದು ವಿಶ್ರಾಂತಿಗಾಗಿ ಅಲ್ಲ. ಚಾಲಕನ ಕಾಲನ್ನು ತಡೆಯುವುದಕ್ಕಾಗಿ. ಅದನ್ನು ರೂಪಿಸಿದವರು ರಸ್ತೆಯ ಮೇಲೆ ಓಡುವ ಕಾರನ್ನು ಕಣ್ಣಾರೆ ಕಾಣದ ರಾಲ್ಫ್ ಟೀಟರ್.

ಟೀಟರ್ ಜನಿಸಿದ್ದು 1890ರ ಆಗಸ್ಟ್ 17ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಹೇಗರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ. ಐದನೆಯ ವಯಸ್ಸಿನಲ್ಲಿ ಆಡುತ್ತಿದ್ದಾಗ ಕೈಯಲ್ಲಿದ್ದ ಚಾಕು ಜಾರಿ ಒಂದು ಕಣ್ಣಿಗೆ ತಗುಲಿತು. ಒಂದು ಕಣ್ಣಿಗೆ ಆಳವಾದ ಗಾಯವಾದಾಗ ದೇಹದ ರಕ್ಷಣಾ ವ್ಯವಸ್ಥೆ ದಿಕ್ಕು ತಪ್ಪಿ ಇನ್ನೊಂದು ಕಣ್ಣಿನ ಮೇಲೂ ಎರಗುವ ಅಪರೂಪದ ಸ್ಥಿತಿಯೊಂದಿದೆ. ಆ ಬಾಲಕನಿಗೆ ಒದಗಿದ್ದು ಅದೇ. ವರ್ಷ ತುಂಬುವಷ್ಟರಲ್ಲಿ ಎರಡೂ ಕಣ್ಣುಗಳ ದೃಷ್ಟಿ ಹೋಗಿತ್ತು. ಅದಕ್ಕೂ ಎಂಟು ದಶಕಗಳ ಹಿಂದೆ ಫ್ರಾನ್ಸಿನ ಹಳ್ಳಿಯೊಂದರಲ್ಲಿ ಲೂಯಿ ಬ್ರೈಲ್ ಎಂಬ ಮೂರು ವರ್ಷದ ಮಗುವಿಗೂ ತಂದೆಯ ಚರ್ಮದ ಕೆಲಸದ ಮಳಿಗೆಯಲ್ಲಿ ಇಂಥದೇ ಆಘಾತವಾಗಿತ್ತು. ಬ್ರೈಲ್ ಸ್ಪರ್ಶದಿಂದ ಅಕ್ಷರವನ್ನು ಕಟ್ಟಿದರು. ಟೀಟರ್ ಸ್ಪರ್ಶದಿಂದ ಯಂತ್ರವನ್ನು ಓದಿದರು.

ಈ ದುರಂತವನ್ನು ಕುಟುಂಬ ಎದುರಿಸಿದ ರೀತಿಯೇ ಟೀಟರ್ ಅವರ ಬದುಕನ್ನು ರೂಪಿಸಿತು. ತಂದೆ ತಾಯಿ ಮಗನ ಕುರುಡನ್ನು ಮಾತಿಗೆ ತರಲಿಲ್ಲ. ಉಳಿದ ಮಕ್ಕಳು ಮಾಡುವುದನ್ನೆಲ್ಲ ಅವನೂ ಮಾಡಬೇಕೆಂದು ನಿರೀಕ್ಷಿಸಿದರು. ಮನೆತನದ ಉದ್ಯಮ ಯಂತ್ರಗಳದ್ದು. ರೈಲು ಹಳಿಗಳ ತಪಾಸಣೆಗೆ ಬಳಸುವ ಹಗುರ ವಾಹನಗಳನ್ನು ತಯಾರಿಸುತ್ತಿದ್ದ ಟೀಟರ್ ಕುಟುಂಬ, ಮುಂದೆ ಕಾರುಗಳ ಎಂಜಿನ್ನಿಗೂ ಆನಂತರ ಪಿಸ್ಟನ್ ರಿಂಗ್‌ಗಳಿಗೂ ಹೊರಳಿತು. ಕಾರ್ಖಾನೆಯ ಉಪಕರಣಗಳ ನಡುವೆ ಬೆಳೆದ ಹುಡುಗ ಹನ್ನೆರಡರ ವಯಸ್ಸಿಗೆ ಓಡುವ ಕಾರೊಂದನ್ನು ನಿರ್ಮಿಸಿದ. ಊರಿಗೆ ಊರೇ ಬೆರಗಾಯಿತು.

ಎಂಜಿನಿಯರಿಂಗ್ ಕಾಲೇಜುಗಳಿಗೆ ಮಾತ್ರ ಈ ಬೆರಗು ಸಾಲಲಿಲ್ಲ. ಅಂಧ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲು ಅವು ಹಿಂಜರಿದವು. ಕೊನೆಗೆ ಅವಕಾಶ ಕೊಟ್ಟದ್ದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ. ಪಠ್ಯಗಳನ್ನು ಬೇರೆಯವರಿಂದ ಓದಿಸಿಕೊಂಡು, ಲೆಕ್ಕಗಳನ್ನು ಮನಸ್ಸಿನಲ್ಲೇ ಬಿಡಿಸುತ್ತ, 1912ರಲ್ಲಿ ಅವರು ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದರು. ರೇಖಾಚಿತ್ರವೇ ಭಾಷೆಯಾಗಿರುವ ಶಾಸ್ತ್ರವೊಂದನ್ನು ಒಂದು ಗೆರೆಯನ್ನೂ ಕಾಣದೆ ಕರಗತ ಮಾಡಿಕೊಂಡದ್ದು ಸಾಮಾನ್ಯ ಸಾಧನೆಯಲ್ಲ.

ಆ ವಿದ್ಯೆಯ ನಿಜವಾದ ಪರೀಕ್ಷೆ ನಡೆದದ್ದು ಮೊದಲ ವಿಶ್ವಯುದ್ಧದ ಕಾಲದಲ್ಲಿ. ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿದ್ದ ನ್ಯೂಯಾರ್ಕ್ ಶಿಪ್‌ಬಿಲ್ಡಿಂಗ್ ಸಂಸ್ಥೆ ನೌಕಾಪಡೆಗಾಗಿ ಡೆಸ್ಟ್ರಾಯರ್ ಹಡಗುಗಳನ್ನು ಕಟ್ಟುತ್ತಿತ್ತು. ಅವುಗಳ ಉಗಿ ಟರ್ಬೈನಿನ ರೋಟರ್‌ಗಳು ಭಾರೀ ತೂಕದವು, ಅತಿ ವೇಗದಲ್ಲಿ ತಿರುಗುವಂಥವು. ಅಂಥ ರೋಟರಿನ ಒಂದು ಬದಿಯಲ್ಲಿ ತುಸು ಹೆಚ್ಚು ತೂಕವಿದ್ದರೂ ತಿರುಗುವಾಗ ಹುಟ್ಟುವ ಕಂಪನ ಬೇರಿಂಗ್‌ಗಳನ್ನು ಸವೆಸುತ್ತದೆ, ಕೊನೆಗೆ ಯಂತ್ರವನ್ನೇ ಮುರಿಯುತ್ತದೆ. ನಿಂತ ರೋಟರನ್ನು ಎಷ್ಟು ದಿಟ್ಟಿಸಿದರೂ ಈ ದೋಷ ಕಾಣದು. ಅದು ಪ್ರಕಟವಾಗುವುದು ಚಲನೆಯಲ್ಲಿ, ಗೊತ್ತಾಗುವುದು ನಡುಕದಲ್ಲಿ. ಕಣ್ಣುಳ್ಳ ಎಂಜಿನಿಯರುಗಳು ಸೋತಿದ್ದ ಈ ಸಮಸ್ಯೆಗೆ, ತಿರುಗುತ್ತಿರುವಾಗಲೇ ರೋಟರಿನ ಸಮತೋಲ ಸಾಧಿಸುವ ವಿಧಾನವನ್ನು ಟೀಟರ್ ಕಂಡುಕೊಂಡರು. ಬೆರಳ ತುದಿಯಲ್ಲಿ ಲೋಕವನ್ನು ಅರಿತವರಿಗೆ ಕಂಪನ ಪರಿಚಿತ ಭಾಷೆಯಾಗಿತ್ತು.

ಯುದ್ಧಾನಂತರ ಅವರು ಹೇಗರ್ಸ್‌ಟೌನ್‌ಗೆ ಮರಳಿ ಕುಟುಂಬದ ಪಿಸ್ಟನ್ ರಿಂಗ್ ಉದ್ಯಮದಲ್ಲಿ ತೊಡಗಿದರು. ಅದೇ ಮುಂದೆ ಪರ್ಫೆಕ್ಟ್ ಸರ್ಕಲ್ ಎಂಬ ಹೆಸರಾಂತ ಸಂಸ್ಥೆಯಾಯಿತು. 1936ರಲ್ಲಿ ಅವರು ಅಮೆರಿಕದ ಆಟೊಮೋಟಿವ್ ಎಂಜಿನಿಯರುಗಳ ಸಂಘದ ಅಧ್ಯಕ್ಷರಾದರು. 1946ರಿಂದ ಹನ್ನೊಂದು ವರ್ಷ ಪರ್ಫೆಕ್ಟ್ ಸರ್ಕಲ್‌ನ ಅಧ್ಯಕ್ಷರಾಗಿದ್ದರು. ಇಷ್ಟಾದರೂ ಅವರ ಹೆಸರು ಇಂದು ಉಳಿದಿರುವುದು ಪಿಸ್ಟನ್ ರಿಂಗ್‌ಗಳಿಂದಲ್ಲ, ಒಂದು ಕಾರಿನ ಪ್ರಯಾಣದಲ್ಲಿ ಹುಟ್ಟಿದ ಕಿರಿಕಿರಿಯಿಂದ.

ಅವರ ಪೇಟೆಂಟ್ ವಕೀಲರಿಗೆ ಕಾರು ನಡೆಸುತ್ತಲೇ ಮಾತನಾಡುವ ಅಭ್ಯಾಸವಿತ್ತು. ತಾವು ಮಾತನಾಡುವಾಗ ಕಾರನ್ನು ನಿಧಾನಗೊಳಿಸುತ್ತಿದ್ದರು, ಇತರರ ಮಾತು ಕೇಳುವಾಗ ವೇಗ ಹೆಚ್ಚಿಸುತ್ತಿದ್ದರು. ಕಿಟಕಿಯಾಚೆಯ ನೋಟದಲ್ಲಿ ಮೈಮರೆಯುವ ಪ್ರಯಾಣಿಕರಿಗೆ ಇದು ತಿಳಿಯುತ್ತಿತ್ತೋ ಇಲ್ಲವೋ, ಟೀಟರ್ ಅವರಿಗೆ ಪ್ರತಿಯೊಂದು ಏರಿಳಿತವೂ ಮೈಗೆ ತಟ್ಟುತ್ತಿತ್ತು. ಎರಡನೆಯ ವಿಶ್ವಯುದ್ಧದ ದಿನಗಳವು. ಟೈರು ಮತ್ತು ಇಂಧನದ ಉಳಿತಾಯಕ್ಕಾಗಿ ಅಮೆರಿಕದಲ್ಲಿ ಗಂಟೆಗೆ 35 ಮೈಲಿಯ, ಅಂದರೆ ಸುಮಾರು 56 ಕಿಲೋಮೀಟರಿನ, ವೇಗಮಿತಿ ಜಾರಿಯಲ್ಲಿತ್ತು. ಕಾನೂನು ಮಿತಿಯನ್ನು ಹೇಳಬಲ್ಲದು, ಚಾಲಕನ ಕಾಲು ಅದನ್ನು ಮರೆಯಬಲ್ಲದು. ಆ ಮರೆವಿಗೆ ಯಂತ್ರದಿಂದಲೇ ಮದ್ದು ಅರೆಯಲು ಟೀಟರ್ ಹೊರಟರು.

1950ರ ಆಗಸ್ಟಿನಲ್ಲಿ ಅವರಿಗೆ ಪೇಟೆಂಟ್ ದೊರೆಯಿತು. ಅದರ ಶೀರ್ಷಿಕೆಯಲ್ಲಿದ್ದುದು ಆಕ್ಸಿಲರೇಟರಿನ ಚಾಲನೆಯನ್ನು ಪ್ರತಿರೋಧಿಸುವ ವೇಗ ನಿಯಂತ್ರಣ ಸಾಧನ ಎಂಬರ್ಥದ ಮಾತುಗಳು. ಆರಾಮದ ಪ್ರಸ್ತಾಪವೇ ಇರಲಿಲ್ಲ. ಅದರ ಕಾರ್ಯವಿಧಾನವೂ ಸರಳ. ಕಾರಿನ ಚಾಲಕದಂಡದಿಂದ ಚಲನೆ ಪಡೆದು ತಿರುಗುವ ಗವರ್ನರ್ ಒಂದು ಕಡೆ, ಚಾಲಕ ಆರಿಸಿದ ವೇಗಕ್ಕೆ ತಕ್ಕಷ್ಟು ಬಿಗಿಯಾದ ಸ್ಪ್ರಿಂಗ್ ಇನ್ನೊಂದು ಕಡೆ. ವೇಗ ಮಿತಿ ಮೀರಿದಾಗ ಗವರ್ನರ್ ಸ್ಪ್ರಿಂಗನ್ನು ಗೆಲ್ಲುತ್ತದೆ. ಆಗ ಎಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುವ ಪಿಸ್ಟನ್ ಪೆಡಲನ್ನು ಹಿಂದಕ್ಕೆ ನೂಕುತ್ತದೆ. ಮಿತಿ ದಾಟಿದೆ ಎಂಬ ಸುದ್ದಿ ಚಾಲಕನ ಪಾದಕ್ಕೆ ಸ್ಪರ್ಶದ ಮೂಲಕವೇ ತಲುಪುತ್ತದೆ. ಅವಸರವಿದ್ದರೆ ಒತ್ತಡವನ್ನು ಮೀರಿ ತುಳಿಯಬಹುದು, ಆದರೆ ಅದು ಮರೆವಿನಿಂದಲ್ಲ, ತಿಳಿದೇ ಮಾಡಿದ ಕೆಲಸವಾಗುತ್ತದೆ. ಬ್ರೇಕ್ ಒತ್ತುವ ತನಕ ವೇಗವನ್ನು ತಾನೇ ಹಿಡಿದಿಡುವ ಏರ್ಪಾಡು ಕೂಡಿಕೊಂಡದ್ದು ಆಮೇಲೆ.

ಮಾರುಕಟ್ಟೆ ಮೆಚ್ಚಿದ್ದು ಆಮೇಲೆ ಕೂಡಿಕೊಂಡ ಗುಣವನ್ನೇ. 1958ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ದುಬಾರಿ ಕಾರುಗಳಲ್ಲಿ ಈ ಸಾಧನವನ್ನು ಆಟೊ ಪೈಲಟ್ ಎಂಬ ಹೆಸರಿನಲ್ಲಿ ಪರಿಚಯಿಸಿತು. ಟೀಟರ್ ಇಟ್ಟಿದ್ದ ಸ್ಪೀಡೊಸ್ಟ್ಯಾಟ್ ಎಂಬ ಹೆಸರು ಹಿಂದೆ ಸರಿಯಿತು. ಕ್ಯಾಡಿಲಾಕ್ ಕೊಟ್ಟ ಕ್ರೂಸ್ ಕಂಟ್ರೋಲ್ ಎಂಬುದೇ ಲೋಕರೂಢಿಯಾಯಿತು. 1973ರ ತೈಲ ಬಿಕ್ಕಟ್ಟಿನ ಬೆನ್ನಿಗೆ ಅಮೆರಿಕದಲ್ಲಿ 55 ಮೈಲಿಯ ರಾಷ್ಟ್ರೀಯ ವೇಗಮಿತಿ ಬಂದಾಗ ಇದರ ಬೇಡಿಕೆ ಏರಿತು. ಇದ್ದ ಕಾರಿಗೇ ಜೋಡಿಸಿಕೊಳ್ಳುವ ಕಿಟ್‌ಗಳು ಬಿಡಿಭಾಗಗಳ ಮಳಿಗೆಗಳಲ್ಲಿ ಮಾರಾಟವಾದವು.

ಹಳೆಯ ಕಾರಿಗೆ ಇದನ್ನು ಕೂಡಿಸುವುದು ಕಷ್ಟವಲ್ಲ. ವೇಗವನ್ನು ಅಳೆಯಲು ಒಂದು ಸಂವೇದಕ, ಥ್ರಾಟಲಿನ ಕೇಬಲನ್ನು ಎಳೆಯಲು ಒಂದು ಸರ್ವೊ, ಆಜ್ಞೆ ಕೊಡಲು ಒಂದು ಸ್ವಿಚ್ಚು: ಮುಖ್ಯ ಭಾಗಗಳು ಇಷ್ಟೆ. ಕೇಬಲಿನ ಬದಲು ವಿದ್ಯುನ್ಮಾನ ಥ್ರಾಟಲ್ ಇರುವ ಕಾರಿನಲ್ಲಿ ಎಳೆಯುವ ಸರ್ವೊ ಕೂಡ ಬೇಕಿಲ್ಲ. ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಬ್ರೇಕ್ ಅಥವಾ ಕ್ಲಚ್ ತುಳಿದ ಕ್ಷಣವೇ ನಿಯಂತ್ರಣವನ್ನು ಬಿಡಿಸುವ ಸಂಪರ್ಕ. ಅದು ಸರಿಯಿಲ್ಲದಿದ್ದರೆ ಉಳಿದುದೆಲ್ಲ ಇದ್ದೂ ಅಪಾಯವೇ. ಬಹಳಷ್ಟು ಮಂದಿ ಕೇಳುವುದು ವೇಗವನ್ನು ಎಷ್ಟು ಚೆನ್ನಾಗಿ ಹಿಡಿದಿಡುತ್ತದೆ ಎಂದು. ಕೇಳಬೇಕಾದದ್ದು ಎಷ್ಟು ಬೇಗ ಬಿಡುತ್ತದೆ ಎಂದು.

ರಸ್ತೆಗಳು ಸುಧಾರಿಸಿದಷ್ಟೂ ಈ ಪ್ರಶ್ನೆಯ ಗಾಂಭೀರ್ಯ ಹೆಚ್ಚುತ್ತದೆ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1.68 ಲಕ್ಷಕ್ಕೂ ಹೆಚ್ಚು ಜನ ಸತ್ತರು. ಕೇಂದ್ರ ಸರ್ಕಾರದ ವರದಿಯ ಪ್ರಕಾರ ಅವರಲ್ಲಿ ಶೇ 70ಕ್ಕಿಂತ ಹೆಚ್ಚು ಸಾವುಗಳು ಅತಿವೇಗಕ್ಕೆ ಸಂಬಂಧಿಸಿದವು. 2019ರ ಜುಲೈಯಿಂದ ನಮ್ಮ ಹೊಸ ಕಾರುಗಳು 80 ಕಿಲೋಮೀಟರ್ ದಾಟಿದಾಗ ಸದ್ದು ಮಾಡಿ ಎಚ್ಚರಿಸುತ್ತವೆ. ಆದರೆ ನಿರಂತರ ಸದ್ದಿಗೆ ಕಿವಿ ಒಗ್ಗಿಹೋಗುತ್ತದೆ. ಐರೋಪ್ಯ ಒಕ್ಕೂಟ 2024ರ ಜುಲೈಯಿಂದ ಎಲ್ಲ ಹೊಸ ಕಾರುಗಳಲ್ಲಿ ವೇಗಮಿತಿಯನ್ನು ನೆನಪಿಸುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದೆ. ಅದು ಒಪ್ಪುವ ವಿಧಾನಗಳಲ್ಲಿ ಒಂದು, ಮಿತಿ ಮೀರಿದಾಗ ಆಕ್ಸಿಲರೇಟರ್ ಪೆಡಲ್ ಚಾಲಕನ ಪಾದವನ್ನು ಮೃದುವಾಗಿ ಹಿಂದಕ್ಕೆ ಒತ್ತುವುದು. ಟೀಟರ್ ಅವರ ಮೂಲ ಕಲ್ಪನೆ ಮುಕ್ಕಾಲು ಶತಮಾನದ ಸುತ್ತು ಬಳಸಿ ಮರಳಿ ಬಂದಿದೆ.

ಟೀಟರ್ 1982ರ ಫೆಬ್ರುವರಿ 15ರಂದು, ತೊಂಬತ್ತೊಂದರ ವಯಸ್ಸಿನಲ್ಲಿ ತೀರಿಕೊಂಡರು. 1988ರಲ್ಲಿ ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್‌ಗೆ ಅವರ ಹೆಸರು ಸೇರಿತು. ಅಂಗವಿಕಲತೆಯನ್ನು ಮೆಟ್ಟಿ ನಿಂತ ಸಾಹಸಿಯೆಂದು ಅವರನ್ನು ಕೊಂಡಾಡುವುದು ಸುಲಭ. ಆದರೆ ನಾವು ಕಲಿಯಬೇಕಾದದ್ದು ಅವರ ಸಾಹಸದಿಂದ ಮಾತ್ರವಲ್ಲ, ಅವರ ತಿಳಿವಿನಿಂದ. ರಸ್ತೆಯ ಅಂಚಿನ ಫಲಕವನ್ನು ಕಣ್ಣು ತಪ್ಪಿಸಬಹುದು, ಸದ್ದನ್ನು ಕಿವಿ ಕಡೆಗಣಿಸಬಹುದು. ತಪ್ಪು ಘಟಿಸುವುದು ಪಾದದಲ್ಲಿ, ಆದ್ದರಿಂದ ಎಚ್ಚರಿಕೆ ಅಲ್ಲಿಯೇ ಸಿಗಬೇಕು ಎಂಬುದನ್ನು ಅವರು ಕಂಡುಕೊಂಡಿದ್ದರು. ನಮ್ಮ ಹೆದ್ದಾರಿಗಳಿಗೆ ಮುಂದಿನ ಸುರಕ್ಷಾ ನಿಯಮಗಳನ್ನು ಬರೆಯುವವರು ಈ ಹಳೆಯ ಪೇಟೆಂಟಿನ ಶೀರ್ಷಿಕೆಯನ್ನೊಮ್ಮೆ ಗಮನಿಸುವುದು ಒಳ್ಳೆಯದು.