ವ್ಯಾಯಾಮದ ಮೇಷ್ಟ್ರು ಕೆ.ವಿ. ಅಯ್ಯರ್

‘ಶಾಂತಲಾ’ ಕಾದಂಬರಿ ಓದಿದವರಿಗೆ ಕೆ.ವಿ. ಅಯ್ಯರ್ ಹೆಸರು ಗೊತ್ತು. ಆದರೆ ಅವರ ವೃತ್ತಿ ಬರವಣಿಗೆಯಲ್ಲ, ವ್ಯಾಯಾಮ ಕಲಿಸುವುದು ಎಂಬುದು ನಮ್ಮ ತಲೆಮಾರಿನ ಅನೇಕರಿಗೆ ತಿಳಿಯದು.

ಕೋಲಾರದ ವೆಂಕಟೇಶ ಅಯ್ಯರ್ ಹುಟ್ಟಿದ್ದು 1897ರಲ್ಲಿ. ಅದೇ ವರ್ಷ ನಮ್ಮ ಲಂಡನ್ನಿನ ಸೇಂಟ್ ಜೇಮ್ಸ್ ಸ್ಟ್ರೀಟ್‌ನಲ್ಲಿ ಯುಜೀನ್ ಸ್ಯಾಂಡೋ ತಮ್ಮ ಅಂಗಸಾಧನೆಯ ಶಾಲೆ ತೆರೆದಿದ್ದರು. ಮುಂದೆ ಸ್ಯಾಂಡೋ ಗಾಳಿ ಇಂಡಿಯಾಕ್ಕೂ ಬೀಸಿತು; ಓದುವ ಹುಡುಗರು ಡಂಬೆಲ್ ಹಿಡಿದರು. ಗರಡಿಮನೆಯ ದಂಡ, ಬಸ್ಕಿ ಹಳೆಯ ಕಾಲದ್ದು ಎನಿಸತೊಡಗಿತ್ತು.

1922ರಲ್ಲಿ ಬೆಂಗಳೂರಿನ ಟಿಪ್ಪು ಅರಮನೆಯಲ್ಲಿ ಮೊದಲ ವ್ಯಾಯಾಮಶಾಲೆ ಆರಂಭಿಸಿದ ಅಯ್ಯರ್ ಎರಡನ್ನೂ ಬಿಡಲಿಲ್ಲ. ಬಾರ್‌ಬೆಲ್ ಜೊತೆಗೇ ಸೂರ್ಯನಮಸ್ಕಾರ, ಆಸನ ಕಲಿಸಿದರು. ತೋಳು ಉಬ್ಬಿದರೆ ಸಾಲದು, ಉಸಿರು, ಜೀರ್ಣಶಕ್ತಿ, ಬೆನ್ನುಮೂಳೆ ಸರಿಯಿರಬೇಕು ಎಂಬುದು ಅವರ ಪಾಠ. (ದಿನವಿಡೀ ಕಂಪ್ಯೂಟರ್ ಮುಂದೆ ಕೂರುವ ನಮ್ಮಂಥವರಿಗೆ ಈ ಪಾಠ ಸ್ವಲ್ಪ ತಡವಾಗಿ ಅರ್ಥವಾಗುತ್ತದೆ!) ದೂರದವರಿಗೆ ಅಂಚೆಯಲ್ಲೇ ಪಾಠ ಕಳಿಸುತ್ತಿದ್ದರು. ಇಂಗ್ಲಿಷ್‌ನಲ್ಲಿ 1930ರಲ್ಲಿ ‘ಮಸಲ್ ಕಲ್ಟ್’, 1937ರಲ್ಲಿ ‘ಸೂರ್ಯ ನಮಸ್ಕಾರ್’ ಬರೆದರು. ಲಂಡನ್ನಿನ ‘ಹೆಲ್ತ್ ಅಂಡ್ ಸ್ಟ್ರೆಂಗ್ತ್’ ಪತ್ರಿಕೆಯಲ್ಲಿ ಅವರು ಕಾಣಿಸಿಕೊಂಡರು. ಆಳುವವರ ನಾಡಿನ ಪತ್ರಿಕೆಯಲ್ಲಿ ಕೋಲಾರದವರೊಬ್ಬರ ದೇಹ ಮಾದರಿಯಾಗಿ ನಿಂತದ್ದು ಆ ದಿನಗಳಲ್ಲಿ ಸಣ್ಣ ಮಾತಲ್ಲ.

ನಾಲ್ವಡಿ ಕೃಷ್ಣರಾಜ ಒಡೆಯರ ಆರೋಗ್ಯ ಕೆಟ್ಟಾಗ ಅಯ್ಯರ್ ಅಂಗಮರ್ದನದಿಂದ ಉಪಚರಿಸಿದರು. ಮಹಾರಾಜರ ಇಚ್ಛೆಯಂತೆ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಶಾಖೆಯೊಂದು ತೆರೆಯಿತು. ಶಿಷ್ಯ ಅನಂತರಾವ್ ಅದನ್ನು ನಡೆಸಿದರು. ಅದೇ ಅರಮನೆಯಲ್ಲಿ ಕೃಷ್ಣಮಾಚಾರ್ಯರ ಯೋಗಶಾಲೆಯೂ ಇತ್ತು. ಮೇಡಾ ವೇಲ್‌ನ ಯೋಗ ಸಂಸ್ಥೆ ಯಾರ ಹೆಸರಿನಲ್ಲಿದೆಯೋ ಆ ಬಿ.ಕೆ.ಎಸ್. ಅಯ್ಯಂಗಾರ್ ಕಲಿತದ್ದು ಈ ಕೃಷ್ಣಮಾಚಾರ್ಯರಲ್ಲೇ.

1940ರಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವ್ಯಾಯಾಮಶಾಲೆ ನೆಲೆ ನಿಂತಿತು. ಅಲ್ಲಿ ಬೆವರು ಸುರಿಸುತ್ತಿದ್ದ ಹುಡುಗರೇ ‘ರವಿ ಕಲಾವಿದರು’ ಎಂದು ನಾಟಕವನ್ನೂ ಆಡಿದರು. ಇದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಬೇರೆ ಯಾವ ಜಿಮ್ಮಿನಲ್ಲಿ ನಾಟಕದ ತಾಲೀಮು ನಡೆದೀತು? ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಹೋಗಿದ್ದ ನಾಟಕಕಾರ ಟಿ.ಪಿ. ಕೈಲಾಸಂ ಅಯ್ಯರ್‌ಗೆ ಆಪ್ತರು. 1946ರಲ್ಲಿ ಅವರು ತೀರಿಕೊಂಡ ಮೇಲೆ ಅಯ್ಯರ್ ಅವರ ನೆನಪುಗಳನ್ನು ಪುಸ್ತಕವಾಗಿಸಿದರು.

‘ರೂಪದರ್ಶಿ’ ಎಂಬ ಇನ್ನೊಂದು ಕಾದಂಬರಿಯಿದೆ. ಇಟಲಿಯ ಚಿತ್ರಕಾರನೊಬ್ಬನಿಗೆ ಬಾಲ ಏಸುವಿನ ಚಿತ್ರಕ್ಕೆ ಮಾದರಿಯಾಗಿದ್ದ ಹುಡುಗನೇ, ವರ್ಷಗಳ ನಂತರ ಬಾಳು ಕೆಟ್ಟು, ಜೂದಾಸನ ಚಿತ್ರಕ್ಕೂ ಮಾದರಿಯಾಗುತ್ತಾನೆ. ಮನುಷ್ಯರ ಮೈಕಟ್ಟನ್ನು ದಶಕಗಳ ಕಾಲ ತಿದ್ದಿದ ಮೇಷ್ಟ್ರು ಬರೆದ ಕಥೆಯಿದು. ಅಯ್ಯರ್ 1980ರಲ್ಲಿ ತೀರಿಕೊಂಡರು.