ದೇವರಾಜ ಅರಸರೂ ಜೀತದ ಸಾಲವೂ

ಭಂಕೂರ, ಶಹಾಬಾದ, ವಾಡಿ ಈ ಕಡೆಯ ಕಲ್ಲುಗಣಿಗಳನ್ನು ಬಲ್ಲ ನಮಗೆ ಮುಂಗಡವೆಂಬ ಮಾತು ಹೊಸದಲ್ಲ. ಮದುವೆಗಾಗಲಿ ಕಾಯಿಲೆಗಾಗಲಿ ಹಣ ಪಡೆದವನು ದುಡಿದು ತೀರಿಸುವದು ಲೋಕರೂಢಿ. ಆದರೆ ಎಷ್ಟು ದುಡಿದರೂ ತೀರದೆ, ಬೇರೆ ಕಡೆಗೆ ಹೋಗಗೊಡದೆ, ತಂದೆಯ ತರುವಾಯ ಮಗನ ಕೊರಳಿಗೆ ಬೀಳುವಂಥಾದ್ದಕ್ಕೆ ಜೀತವೆಂದು ಹೆಸರು. ಕರ್ನಾಟಕದಲ್ಲಿ ಇದನ್ನು ಕೀಳಲು ಕೈಹಾಕಿದವರಲ್ಲಿ ಶ್ರೀ ದೇವರಾಜ ಅರಸರು ಮುಖ್ಯರು.

ಅವರು 1915ನೆಯ ಆಗಸ್ಟ್ 20ರಂದು ಹುಣಸೂರು ತಾಲೂಕಿನ ಕಲ್ಲಹಳ್ಳಿಯಲ್ಲಿ ಹುಟ್ಟಿದರು. ಮೈಸೂರು ಅರಮನೆಯ ಬಂಧುವರ್ಗದವರಾದರೂ ಬೆಂಗಳೂರಿನಲ್ಲಿ ಓದು ಮುಗಿಸಿ ಊರಿಗೆ ಹಿಂದಿರುಗಿ ಬೇಸಾಯಕ್ಕೆ ನಿಂತರು. ಆಳುಮಕ್ಕಳ ಕಷ್ಟವು ಅವರಿಗೆ ಕಡತಗಳಿಂದ ತಿಳಿದದ್ದಲ್ಲವೆಂದು ನಾವು ಎಣಿಸುತ್ತೇವೆ. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಯನ್ನು ಸೇರಿ, 1942ರ ಚಳವಳಿಯಲ್ಲಿ ಸೆರೆಮನೆಯನ್ನು ಕಂಡರು. ಆಗ ನಮ್ಮ ಸೀಮೆಯು ನಿಜಾಮರ ಆಳಿಕೆಯಲ್ಲಿತ್ತು. ಮೈಸೂರಿನೊಂದಿಗೆ ಕೂಡಿದ್ದು 1956ರಲ್ಲಿ.

1972ರಲ್ಲಿ ಅರಸರು ಮುಖ್ಯಮಂತ್ರಿಯಾದರು. 1974ರ ಭೂಸುಧಾರಣೆಯಿಂದ ಗೇಣಿದಾರರು ಹೊಲದ ಒಡೆಯರಾದರು. ಭೂಮಿಯೂ ಗೇಣಿಯೂ ಇಲ್ಲದ ಆಳಿಗೆ ಅದರಿಂದ ದೊರೆತದ್ದು ಸ್ವಲ್ಪವೇ ಎಂಬದನ್ನು ಮರೆಮಾಡತಕ್ಕದ್ದಲ್ಲ.

1975ನೆಯ ಅಕ್ಟೋಬರ 25ರಿಂದ ದೇಶದಲ್ಲೆಲ್ಲಾ ಜೀತವು ರದ್ದಾಯಿತು. ಕೇಂದ್ರದ ಈ ಶಾಸನವನ್ನು ಅರಸರ ಸರಕಾರವು ಉತ್ಸಾಹದಿಂದ ಕೈಗೊಂಡಿತು. ವರುಷಗಳು ಕಳೆದಂತೆ ಈ ರಾಜ್ಯದಲ್ಲಿ ಗುರುತಿಸಲ್ಪಟ್ಟ ಜೀತದಾಳುಗಳ ಲೆಕ್ಕವು 60,000ವನ್ನು ಮೀರಿತು. ಆದರೂ ಬಿಡುಗಡೆಯಾದ ಸಂಗತಿ ತಿಳಿಯದವನು ಕಟ್ಟಿನಲ್ಲಿಯೇ ಉಳಿಯುತ್ತಾನೆ. ಧಣಿಯನ್ನು ಬಿಟ್ಟು ಓಡಿದ ಆಳನ್ನು ಸಾಲ ತಪ್ಪಿಸಿದ ಮೋಸಗಾರನೆಂದು ಠಾಣೆಯವರು ತಿಳಿದರೆ ಶಾಸನವಿದ್ದು ಫಲವೇನು?

ಆದಕಾರಣ ಅದರಲ್ಲಿರುವದನ್ನು ಬಿಚ್ಚಿ ಹೇಳುತ್ತೇವೆ. ಜೀತದ ಸಾಲವೆಲ್ಲ ಅಳಿದುಹೋಯಿತು, ಅದನ್ನು ತೀರಿಸಬೇಕಾಗಿಲ್ಲ. ಅದು ಜೀತದ ಸಾಲವಲ್ಲವೆಂದು ತೋರಿಸುವ ಭಾರವು ಹಣ ಕೊಟ್ಟವನದು, ಆಳಿನದಲ್ಲ. ಬಲವಂತವಾಗಿ ಜೀತ ಮಾಡಿಸಿದವನಿಗೆ 3 ವರುಷಗಳ ವರೆಗೆ ಸೆರೆಯೂ 2,000 ರೂಪಾಯಿಗಳ ವರೆಗೆ ದಂಡವೂ ಉಂಟು. ಪೋಲೀಸರು ವಾರಂಟಿಗಾಗಿ ಕಾಯದೆ ಅಂಥವನನ್ನು ಹಿಡಿಯಬಹುದು. ದೂರನ್ನು ಜಿಲ್ಲಾಧಿಕಾರಿಗೂ ಒಪ್ಪಿಸಬಹುದು.

ಅರಸರು 1980ರಲ್ಲಿ ಅಧಿಕಾರವನ್ನು ಬಿಟ್ಟು, 1982ನೆಯ ಜೂನ್ 6ರಂದು ತೀರಿಕೊಂಡರು. ಮರುವರುಷ ಹರಿಯಾಣದ ಫರೀದಾಬಾದಿನ ಕಲ್ಲುಗಣಿಯ ಕೂಲಿಗಳ ಮೊರೆಯು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಬಲವಂತದ ದುಡಿಮೆ ಕಂಡುಬಂದಲ್ಲಿ ಅದರ ಹಿಂದೆ ಮುಂಗಡವಿದೆಯೆಂದೇ ಊಹಿಸತಕ್ಕದ್ದೆಂದು ನ್ಯಾಯಾಧೀಶರು ಗೊತ್ತುಮಾಡಿದರು. ಹೊಲದ ಆಳಿಗೆ ಸಲ್ಲುವ ಶಾಸನವು ಗಣಿಯ ಕೂಲಿಗೂ ಸಲ್ಲುತ್ತದೆ.