ಮೃತ ಸಮುದ್ರದಲ್ಲಿ ಜೀವ ಕಂಡ ವೊಲ್ಕಾನಿ

ನಮ್ಮ ನಾಗಣಸೂರದ ಕಡೆ ಸವಳು ಹಿಡಿದ ಹೊಲದಲ್ಲಿ ಏನು ಬಿತ್ತಿದರೂ ಪೈರು ಏಳುವುದಿಲ್ಲವೆಂಬುದನ್ನು ರೈತರ ಮಕ್ಕಳಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಪ್ಪಿನಕಾಯಿ ವರ್ಷವಿಡೀ ಕೆಡದಿರುವುದೂ ಉಪ್ಪಿನ ಮಹಿಮೆಯಿಂದಲೇ. ಉಪ್ಪು ಸೂಕ್ಷ್ಮಜೀವಿಗಳ ಮೈಯೊಳಗಿನ ನೀರನ್ನು ಹೊರಗೆಳೆದುಬಿಡುತ್ತದೆ. ಹೀಗಿರುವಾಗ, ಸಾಮಾನ್ಯ ಕಡಲಿಗಿಂತ ಸುಮಾರು ಹತ್ತು ಪಟ್ಟು ಉಪ್ಪಾದ, ಮೀನೇ ಇಲ್ಲದ ಮೃತ ಸಮುದ್ರದಲ್ಲಿ ಜೀವ ಹುಡುಕಿದ ವಿಜ್ಞಾನಿಯ ಚರಿತ್ರೆಯನ್ನು ನಾವು ತಿಳಿಯಬೇಕು.

ಬೆಂಜಮಿನ್ ಎಲಾಝಾರಿ ವೊಲ್ಕಾನಿಯವರು 1915ರಲ್ಲಿ ಪ್ಯಾಲೆಸ್ಟೈನಿನ ಬೆನ್ ಶೆಮೆನ್ ಎಂಬಲ್ಲಿ ಜನಿಸಿದರು. ತಂದೆ ಹೆಸರಾಂತ ಕೃಷಿ ವಿಜ್ಞಾನಿ. ಮಗ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಮೃತ ಸಮುದ್ರದ ನೀರನ್ನು ತಂದು, ಪೋಷಕ ದ್ರವ್ಯ ಬೆರೆಸಿ ಶೀಶೆಗಳಲ್ಲಿ ಇಟ್ಟರು. ಅವುಗಳಲ್ಲಿ ಸೂಕ್ಷ್ಮಜೀವಿಗಳು ಬೆಳೆದವು! 1936ರಲ್ಲಿ ಈ ಸಂಗತಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಆಗ ಅವರಿಗೆ 21 ವರ್ಷ. (ಆ ಲೇಖನದಲ್ಲಿ ವಿಲ್ಕಾನ್ಸ್ಕಿ ಎಂಬ ಹಳೆಯ ಮನೆತನದ ಹೆಸರಿದೆ.) 1940ರಲ್ಲಿ ಇದೇ ವಿಷಯಕ್ಕೆ ಡಾಕ್ಟರೇಟ್ ದೊರೆಯಿತು.

ಈ ಲವಣಪ್ರಿಯ ಜೀವಿಗಳ ರೀತಿಯೇ ಬೇರೆ. ಕೆಲವು ತಮ್ಮ ಮೈಯೊಳಗೂ ಲವಣ ತುಂಬಿಕೊಂಡು ಹೊರಗಿನ ಉಪ್ಪಿಗೆ ಸರಿದೂಗುತ್ತವೆ. ಅವನ್ನು ಸಿಹಿನೀರಿಗೆ ಹಾಕಿದರೆ ಒಡೆದು ಸಾಯುತ್ತವೆ. ನಮ್ಮ ಮಹಾರಾಷ್ಟ್ರದ ಲೋಣಾರ ಸರೋವರವು 2020ರಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದ್ದು ಇಂಥವುಗಳಿಂದಲೇ ಎಂದು ಪುಣೆಯ ಆಘಾರಕರ ಸಂಸ್ಥೆಯವರು ಕಂಡುಕೊಂಡರು.

1959ರಲ್ಲಿ ವೊಲ್ಕಾನಿಯವರು ಅಮೆರಿಕದ ಸ್ಕ್ರಿಪ್ಸ್ ಸಾಗರ ಸಂಸ್ಥೆಗೆ ಹೋಗಿ, ಡಯಾಟಂ ಎಂಬ ಸಣ್ಣ ಪಾಚಿಗಳನ್ನು ಕುರಿತು ದುಡಿದರು. 1975ರಲ್ಲಿ ಮೃತ ಸಮುದ್ರದ ಕೆಸರಿನ ಒಂದು ಹೊಸ ಜೀವಿಗೆ ಬೇರೆ ಸಂಶೋಧಕರು ಅವರ ಹೆಸರನ್ನೇ ಇಟ್ಟರು. ಈಗ ಅದು ಹ್ಯಾಲೋಫೆರಾಕ್ಸ್ ವೊಲ್ಕಾನಿಯೈ.

ಆದರೆ ನಮಗೆ ಹೆಚ್ಚು ಸೋಜಿಗವೆನಿಸುವುದು ಆ ಹಳೆಯ ಶೀಶೆಗಳ ಕಥೆ. 57 ವರ್ಷಗಳ ಮೇಲೆ ಪರೀಕ್ಷಿಸಿದಾಗಲೂ ಅವುಗಳಲ್ಲಿ ಜೀವವಿತ್ತು! ಒಂದು ಗುಂಪಿನ 91 ತಳಿಗಳನ್ನು ಬೇರ್ಪಡಿಸಿದರು. ಅವು ಕಡ್ಡಿಯಾಕಾರದವು. ಹೊಸದೆಂದು ಹೇಳಲು ಕಣ್ಣಳತೆ ಸಾಲದು; ಎಷ್ಟು ಉಪ್ಪಿನಲ್ಲಿ ಬೆಳೆಯುತ್ತದೆ, ಯಾವ ಆಹಾರ ತಿನ್ನುತ್ತದೆ, ಆನುವಂಶಿಕ ದ್ರವ್ಯ ಯಾವುದಕ್ಕೆ ಹೋಲುತ್ತದೆ ಎಂದು ಗೊತ್ತಿರುವ ಜಾತಿಗಳೊಂದಿಗೆ ತಾಳೆ ನೋಡಬೇಕು. ಎಲ್ಲವನ್ನೂ ನೋಡಿ ಬ್ಯಾಸಿಲಸ್ ಮರಿಸ್ಮಾರ್ಟುಯಿ, ಅಂದರೆ ಮೃತ ಸಮುದ್ರದ ಬ್ಯಾಸಿಲಸ್, ಎಂದು ಹೆಸರಿಟ್ಟರು. ಮುಂದೆ ಅದನ್ನು ಬೇರೆ ಕುಲಕ್ಕೆ ಸೇರಿಸಲಾಯಿತು. 1999ರಲ್ಲಿ ಪ್ರಕಟವಾದ ಆ ಪ್ರಬಂಧದ ಲೇಖಕರಲ್ಲಿ ವೊಲ್ಕಾನಿಯವರೂ ಒಬ್ಬರು. ಅದೇ ವರ್ಷದ ಫೆಬ್ರುವರಿಯಲ್ಲಿ, ಅದು ಅಚ್ಚಾಗುವ ಮೊದಲೇ, ಅವರು ತೀರಿಕೊಂಡಿದ್ದರು.